ಗಾಡಿಯಲ್ಲಿ ಉಳಿಯದ ಮಲ್ಲಿಗೆ

ಕೊಟ್ಟೂರು
11-4-2001, ಬುಧವಾರ

ಹಡಗಲಿಯ ಬೀಗತಿ ಪಂಪಮ್ಮನವರಿಗೆ ಭರಮಮ್ಮನ ಶರಣು.

ಇಲ್ಲಿ ನಾವು ಕ್ಷೇಮ. ನಿಮ್ಮ ಮೈದುನ ಓಬಳೇಶಪ್ಪ ಕಳೆದ ವಾರ ಬಂದು ನೀವು ಹೇಳಿ ಕಳಿಸಿದ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. "ಗಿಡ ಬದುಕಲಾರದ ಗಾಡ್ಯಾಗ ನನ್ನ ಮಗಳು ಹೆಂಗ ಬದುಕ್ಯಾಳು? ಹದಿನಾರನೇ ತಾರೀಖು ಸೋಮವಾರ ಕೂಡ್ಲಿಗಿಗೆ ಹೋಗಿ ಕರ್ಕೊಂಡು ಬರ್ತೀನಿ" ಎಂದಿರಂತೆ. ಹೇಳಿದವರು ಚಹಾ ಕೂಡ ಕುಡಿಯದೆ ಎದ್ದರು. ನಿಮ್ಮ ಸಿಟ್ಟು ಎಷ್ಟಿದೆಯೆಂದು ನನಗೆ ಅದರಿಂದಲೇ ತಿಳಿಯಿತು.

ಸಿಟ್ಟಿಗೆ ಕಾರಣವಿದೆ, ಇಲ್ಲವೆನ್ನುವುದಿಲ್ಲ. ನಿಮ್ಮ ಮನೆತನದಲ್ಲಿ ಮಗಳನ್ನು ಕಳಿಸುವಾಗ ಉಡಿ ತುಂಬಿ, ತೋಟದ ಮಲ್ಲಿಗೆ ಸಸಿಯನ್ನೂ ಕೈಗೆ ಕೊಡುತ್ತೀರಿ. ಅದು ಹೂ ಬಿಟ್ಟಿತೆಂದರೆ ಮಗಳು ಗಂಡನ ಮನೆಗೆ ಹೊಂದಿಕೊಂಡಳೆಂದು ನಿಮ್ಮವರ ನಂಬಿಕೆ. ಅಂಥ ಸಸಿಯನ್ನು ನಿಮ್ಮ ಅಮೃತಾ ಇಟ್ಟಿಗಿಯಲ್ಲಿ ಯಾರಿಗೋ ಕೊಟ್ಟಳೆಂದರೆ ಯಾವ ತಾಯಿಗೂ ನೋವಾಗುತ್ತದೆ. ಅವರಿವರ ಮಾತು ಬೇಡ, ಕಣ್ಣಾರೆ ನೋಡೋಣವೆಂದು ಮೊನ್ನೆ ನಾನೇ ಹೋಗಿದ್ದೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಮೊದಲು ಇಟ್ಟಿಗಿಗೆ ಹೋದೆ. ನಮ್ಮ ಮಗ ಗವಿಸಿದ್ದೇಶನ ರಸ್ತೆ ಕೆಲಸ ಚಳಿಗಾಲವೆಲ್ಲ ಆ ಕಡೆಯೇ ನಡೆದಿತ್ತಲ್ಲ, ಆಗ ಅವರು ವಾಸವಿರುವ ಗಾಡಿ ನಿಲ್ಲುತ್ತಿದ್ದುದು ಹುಲುಗಮ್ಮನೆಂಬ ರೈತ ಹೆಂಗಸಿನ ಹೊಲದ ಅಂಚಿನಲ್ಲಿ. ನಿಮ್ಮ ಸಸಿ ಈಗ ಅವಳ ಹಿತ್ತಲಲ್ಲಿದೆ. ನಾನು ಸ್ವಲ್ಪ ಬಿರುಸಾಗಿಯೇ ಕೇಳಿದೆ. ಆಕೆ ಮೊರದೊಳಗಿನ ಜೋಳ ಹಸನು ಮಾಡುತ್ತಲೇ ಹೇಳಿದಳು: "ನಾ ಒಲ್ಲೆ ಅಂದೆನ್ರಿ ಅಮ್ಮಾರ. ತವರಿಂದು, ನನಗ್ಯಾಕವ್ವ ಅಂದೆ. ಕಣ್ಣಾಗ ನೀರು ತಗೊಂಡು ಕೊಟ್ಲು. ಗಾಡಿ ಹೊಂಟ ಮ್ಯಾಲೂ ನಿಂದ್ರಿಸಿ, ಇಳಿದು ಬಂದು, ಇನ್ನೊಂದು ತಂಬಿಗಿ ನೀರು ಹಾಕಿ ಹೋದ್ಲು ನೋಡ್ರಿ. ನಾ ನಕ್ಕೆ, ಏನವ್ವ, ಕೂಸಿಗೆ ಹಾಲು ಕುಡಿಸಿದಂಗ ಮಾಡ್ತಿ ಅಂತ."

ಅಲ್ಲಿಂದ ಕೂಡ್ಲಿಗಿಗೆ ಬಂದೆ. ಈಗ ಗಾಡಿ ನಿಂತಿರುವುದು ಊರ ಹೊರಗೆ, ಹುಣಸೆ ಮರದ ಕೆಳಗೆ. ಅದು ಗುತ್ತಿಗೆದಾರರ ಹಳೆಯ ಮಿನಿಬಸ್ಸು. ಹರಪನಹಳ್ಳಿಯ ಮೆಕ್ಯಾನಿಕ್ ರಾಜಾಸಾಬ್ ಸೀಟು ಕಿತ್ತು ಅದನ್ನು ಮನೆ ಮಾಡಿಕೊಟ್ಟಿದ್ದಾನೆ. ಬಾಗಿಲ ಹತ್ತಿರ ಸ್ಟೋವು, ನಡುವೆ ಮಂಚ, ಹಿಂದಿನ ಉದ್ದನೆಯ ಸೀಟು ಮಾತ್ರ ಇದ್ದಂತೆಯೇ ಇದೆ. ಆ ಸೀಟಿನ ತುಂಬ ಗಿಡಗಳು! ಅವತ್ತು ರಾಜಾಸಾಬನೂ ಬ್ರೇಕು ನೋಡಲು ಬಂದಿದ್ದ. ಗಾಡಿಯ ಕೆಳಗೆ ಮಲಗಿದ್ದವನು ನನ್ನ ದನಿ ಕೇಳಿ ತಲೆ ಹೊರಗೆ ಹಾಕಿ, "ಬರ್ರಿ ಅಮ್ಮಾರ, ನಾ ಸೀಟು ಬಿಟ್ಟಿದ್ದು ಬೀಗರು ಬಂದ್ರ ಕುಂದ್ರಾಕ. ನಿಮ್ಮ ಸೊಸಿ ಅಲ್ಲಿ ಗಿಡ ಕುಂದರ್ಸ್ಯಾಳ. ಇನ್ನ ಅವಕ್ಕೂ ಟಿಕೇಟು ಹರೀಬೇಕು" ಎಂದ. ಅಮೃತಾ ಬಿಟ್ಟಾಳೆಯೇ? "ನೀವು ಹಾಕಿದ ಕಿಟಕಿ ಮಳೆಗಾಲದಾಗ ಸೋರ್ತಾವಲ್ಲ ಚಾಚಾ, ಅದಕ್ಕ ಅಲ್ಲಿ ಗಿಡ ಇಟ್ಟೀನಿ. ನೀರು ಹಾಕೂ ಕೆಲಸ ಉಳೀತೈತಿ" ಎಂದಳು. ಅವನ ತಲೆ ಮತ್ತೆ ಒಳಗೆ ಹೋಯಿತು.

ಪಂಪಮ್ಮನವರೇ, ನಾನು ಪತ್ರಿಕೆಯಲ್ಲಿ ಕೃಷಿ ಪುಟ ತಪ್ಪದೆ ಓದುವವಳು. ಆದರೆ ಓಡಾಡುವ ಗಾಡಿಯಲ್ಲಿ ಗಿಡ ಸಾಕುವುದು ಹೇಗೆಂದು ಎಲ್ಲೂ ಓದಿರಲಿಲ್ಲ. ಅವಳು ಸಾಕಿ ಸಾಕಿಯೇ ಕಲಿತಿದ್ದಾಳೆ. ಮುಳ್ಳಿನ ಗಿಡ ಬೇಡವೇ ಬೇಡ, ಬ್ರೇಕು ಹಾಕಿದಾಗ ಮೈಮೇಲೆ ಬೀಳುತ್ತದೆ. ಎತ್ತರ ಬೆಳೆಯುವುದು ಬೇಡ, ನಿತ್ಯ ನೀರು ಬೇಡುವುದೂ ಬೇಡ. ಹಾಗೆ ಆರಿಸಿ ಇಟ್ಟುಕೊಂಡವು ಲೋಳೆಸರ, ದೊಡ್ಡಪತ್ರೆ, ಮನಿಪ್ಲಾಂಟ್, ಕತ್ತಿಯಂತೆ ನೆಟ್ಟಗೆ ನಿಲ್ಲುವ ದಪ್ಪ ಎಲೆಯ ಒಂದು ಗಿಡ. ಇದರ ಹೆಸರು ಅವಳಿಗೂ ಗೊತ್ತಿಲ್ಲ. ಎಲ್ಲವೂ ಬಣ್ಣದ ಡಬ್ಬಿಗಳಲ್ಲಿವೆ. ತಳಕ್ಕೆ ತೂತು ಕೊರೆದು ಜಲ್ಲಿ ಹಾಕಿದ್ದಾಳೆ. ನೀರೂ ನಿಲ್ಲುವುದಿಲ್ಲ, ತಳ ಭಾರವಾಗಿ ಡಬ್ಬಿಯೂ ಉರುಳುವುದಿಲ್ಲ. ಸೈಕಲ್ ಟ್ಯೂಬು ಕತ್ತರಿಸಿ ಅಡ್ಡಕ್ಕೆ ಬಿಗಿದು ಕಟ್ಟಿದ್ದಾಳೆ. ಬೆರಳು ಮಣ್ಣಿಗೆ ಊರಿ, ಒಣಗಿದ್ದರೆ ಮಾತ್ರ ನೀರು. ಟಾರು ರಸ್ತೆಯ ಧೂಳು ಎಲೆಗೆ ಕೂತರೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾಳೆ. ತಗಡು ಕಾಯುವ ಮಧ್ಯಾಹ್ನ ಕಿಟಕಿಯ ಗಾಜಿನಿಂದ ದೂರ ಸರಿಸುತ್ತಾಳೆ. ತುಳಸಿಗೆ ಮಾತ್ರ ಬಿಸಿಲು ಬೇಕೆಂದು ಬೆಳಿಗ್ಗೆಯೇ ಹೊರಗಿಳಿಸಿ ಪೂಜೆ ಮಾಡಿ, ಗಾಡಿ ಹೊರಡುವಾಗ ಮೊದಲು ಅದನ್ನೇ ಒಳಗೆ ಹತ್ತಿಸುತ್ತಾಳೆ.

ಇಷ್ಟೆಲ್ಲ ಬಲ್ಲವಳು ಮಲ್ಲಿಗೆಯನ್ನು ಯಾಕೆ ಉಳಿಸಿಕೊಳ್ಳಲಿಲ್ಲ ಎಂದು ಕೇಳಿಯೇ ಬಿಟ್ಟೆ. ತಟ್ಟೆಗೆ ರೊಟ್ಟಿ ಹಾಕುತ್ತಿದ್ದವಳು ಕೈ ನಿಲ್ಲಿಸಿದಳು. "ಉಳಿಸಿಕೊಳ್ಳಾಕ ಮಾಡಲಾರದ್ದು ಒಂದೂ ಇಲ್ರಿ ಅತ್ತಿ. ಅದಕ್ಕ ಇಡೀ ದಿನ ಬಿಸಿಲು ಬೇಕು, ಬೇರು ಇಳಿಯಾಕ ನೆಲ ಬೇಕು. ಇಲ್ಲಿ ಒಂದ ಕಡಿ ಬೆಳಕು ಬರತೈತಿ, ಅದು ಆ ಕಡಿಗೇ ಚಾಚಿ ಚಾಚಿ ದಾರ ಆದಂಗಾತು. ನನ್ನ ಹಟಕ್ಕ ಅದನ್ನ ಸಾಯಿಸ್ಲೇನ್ರಿ?" ಎಂದಳು. ನಿಮ್ಮ ಮಾತನ್ನೂ ಮುಚ್ಚಿಡದೆ ಹೇಳಿದೆ. ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಹಾಕಿದಳು. ಆಮೇಲೆ, "ಗಾಡ್ಯಾಗ ಬದುಕಲಾರದ್ದು ಮಲ್ಲಿಗಿ ರೀ. ನಾ ಮಲ್ಲಿಗಿ ಅಲ್ಲ. ಅವ್ವಗ ಹೇಳ್ರಿ" ಎಂದು ನಕ್ಕಳು. ಗವಿಸಿದ್ದೇಶ ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಅವನ ಮುಖದ ಮೇಲಿದ್ದ ಹೆದರಿಕೆ ಆಗ ಇಳಿಯಿತು.

ಅಲ್ಲಿ ಎಲ್ಲ ಸುಖವೆಂದು ನಾನು ಬರೆಯುವುದಿಲ್ಲ. ಸೆಖೆ ವಿಪರೀತ. ನೀರನ್ನು ದೂರದ ಬೋರಿನಿಂದ ಹೊರಬೇಕು. ನಿಮ್ಮ ಮಗಳು ಕಪ್ಪಗಾಗಿದ್ದಾಳೆ. ಆದರೆ ಯಾವುದಕ್ಕೆ ಏನು ಬೇಕೆಂದು ನೋಡಿ ತಿಳಿದು, ತನಗೆ ಪ್ರೀತಿಯದ್ದನ್ನೇ ಅದರ ಒಳ್ಳೆಯದಕ್ಕಾಗಿ ನೆಲಕ್ಕೆ ಬಿಟ್ಟುಕೊಡುವ ಬುದ್ಧಿ ನನಗೆ ಅವಳ ವಯಸ್ಸಿನಲ್ಲಿರಲಿಲ್ಲ. ಅದನ್ನು ನೀವೇ ಕಲಿಸಿರಬೇಕು. ಆ ಮಾತನ್ನು ನಿಮಗೆ ಹೇಳಬೇಕೆನಿಸಿತು.

ಸೋಮವಾರ ಖಂಡಿತ ಬನ್ನಿ. ನೋಡಿದ ಮೇಲೆ ಅವಳೊಡನೆ ಮಾತಾಡಿ.

ಇಂತಿ ನಿಮ್ಮ ಬೀಗತಿ,
ಭರಮಮ್ಮ

ತಾ.ಕ.: ಒಂದು ಸಂಗತಿ ಬಿಟ್ಟಿದ್ದೆ. ಮೊನ್ನೆ ನಾನು ಬರೀ ನೋಡಲು ಹೋಗಿರಲಿಲ್ಲ. ನಿಮಗಿಂತ ಮೊದಲೇ ಅವಳನ್ನು ಕೊಟ್ಟೂರಿಗೆ ಕರೆತಂದು ಬಿಡಬೇಕೆಂದು ಬಾಡಿಗೆ ಜೀಪು ಮಾಡಿಕೊಂಡು ಹೋಗಿದ್ದೆ. ವಾಪಸ್ಸು ಒಬ್ಬಳೇ ಬಂದೆ. ನೀವು ಬರುವುದು ತಿಳಿದ ಮೇಲೆ ಅಮೃತಾ ಗಿಡಗಳನ್ನೆಲ್ಲ ಮರದ ಬುಡಕ್ಕೆ ಇಳಿಸಿ, ಹಿಂದಿನ ಸೀಟು ತೊಳೆದು, ನಿಮಗೆ ಮಲಗಲು ಹಾಸಿಗೆ ಹಾಸುತ್ತಿದ್ದಳು. ತನ್ನ ಬಟ್ಟೆ ಕಟ್ಟುತ್ತಿರಲಿಲ್ಲ.