ಎ ಬಿ ಸಿ ಅಲ್ಲದ ತ್ರಿಭುಜ

ಜೂನ್ ೧೫, ಭಾನುವಾರ. ಪೀಣ್ಯ

ಅಪ್ಪನ ಕಾಲು ಮುರಿದದ್ದಕ್ಕೆ ನಾನು ಹತ್ತನೇ ಕ್ಲಾಸು ಬಿಟ್ಟೆ ಎಂಬುದು ಸುಳ್ಳು. ಎರಡು ವರ್ಷದಿಂದ ಮನೆಯವರೆಲ್ಲ ಹಾಗೇ ನಂಬಿದ್ದಾರೆ. ಬಿಟ್ಟದ್ದು ರೇಖಾಗಣಿತಕ್ಕೆ ಹೆದರಿ.

ಗಣಿತದ ನೀಲಾಂಬಿಕಾ ಮೇಡಂ ಕೇಳುತ್ತಿದ್ದುದು ಒಂದೇ. ಪ್ರಮೇಯದ ಪ್ರತಿ ಸಾಲಿನ ಪಕ್ಕ ಕಾರಣ ಬರೆಯಬೇಕು. ನಾನು ಕಾರಣಗಳನ್ನೂ ಬಾಯಿಪಾಠ ಮಾಡಿದ್ದೆ. ಒಂದು ದಿನ ಅವರು ತ್ರಿಭುಜಕ್ಕೆ ಎ ಬಿ ಸಿ ಬದಲು ಪಿ ಕ್ಯೂ ಆರ್ ಎಂದು ಹೆಸರಿಟ್ಟು ನನ್ನನ್ನು ಬೋರ್ಡಿಗೆ ಕರೆದರು. ನಾನು ಎ ಬಿ ಸಿ ಎಂದೇ ಸಾಧಿಸುತ್ತಾ ಹೋದೆ.

"ಆ ತ್ರಿಭುಜ ಎಲ್ಲೈತೋ ಮಗಾ, ನಿಮ್ಮನೇಲಾ?" ಎಂದ ಹಿಂದಿನ ಬೆಂಚಿನ ಸಿದ್ಧಾರ್ಥ್. ಕ್ಲಾಸೆಲ್ಲ ನಕ್ಕಿತು. ಮೇಡಂ ನಗಲಿಲ್ಲ. "ನಾಳೆ ಬಾ, ಮತ್ತೆ ಮಾಡೋಣ" ಅಂದರು. ನಾನು ಹೋಗಲಿಲ್ಲ. ಆ ವಾರವೇ ಅಪ್ಪ ಕಟ್ಟಡದ ಕೆಲಸದಲ್ಲಿ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡ.

ಇವತ್ತು ನನ್ನ ಬ್ಯಾಗಿಗೆ ಬಟ್ಟೆ ತುಂಬುತ್ತಾ ಅಪ್ಪ, "ನನ್ನ ಕಾಲು ನಿನ್ನ ಸಾಲಿ ನುಂಗಿತಲ್ಲೋ ತಮ್ಮಾ" ಅಂದ. ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ.

ಅವನು ಕೈಯಲ್ಲಿದ್ದ ಅಂಗಿ ಮಡಚಿ ಬ್ಯಾಗಿನೊಳಗಿಟ್ಟ. ಆಮೇಲೆ, "ಬರೇ ಅಕ್ಷರ ಬದಲಾಗಿದ್ದಕ್ಕ ಸಾಲಿ ಬಿಟ್ಟೀ ಏನ?" ಎಂದಷ್ಟೇ ಕೇಳಿದ.

ಬೈದಿದ್ದರೆ ನಿದ್ದೆ ಬರುತ್ತಿತ್ತು. ಗೋಡೆಯ ಪಕ್ಕ ಅವನೂ ಮಗ್ಗುಲು ಬದಲಿಸುತ್ತಲೇ ಇದ್ದಾನೆ.

ಬೆಳಗ್ಗೆ ಆರಕ್ಕೆ ಹೊಸೂರಿನ ಫ್ಯಾಕ್ಟರಿ ಕೆಲಸಕ್ಕೆ ಹೊರಡುತ್ತೇನೆ.