ಕೆಂಚಿಯ ಮುಂಗಾಲಿನ ಗಂಟು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.30

ಲಾಯ ಗುಡಿಸಿ, ನೀರು ಬದಲಿಸಿ ಆಯಿತು. ಕೆಂಚಿಯ ಮೈ ಉಜ್ಜುವಾಗ ಬ್ರಷ್ ತಡೆಯಿತು. ಎಡ ಮುಂಗಾಲು, ಮಂಡಿಯಿಂದ ನಾಲ್ಕು ಬೆರಳು ಕೆಳಗೆ, ಒಳಬದಿ. ಗೋಲಿಯಷ್ಟು ಗಂಟು. ಒತ್ತಿದರೆ ಜರುಗುವುದಿಲ್ಲ. ಮೂಳೆಯೇ. ನಿನ್ನೆ ಇರಲಿಲ್ಲ... ಇತ್ತೇ?

ಒತ್ತಿದ್ದಕ್ಕೆ ನನ್ನ ತೋಳಿಗೆ ಬಾಯಿ ಹಾಕಿದಳು. ಮೂತಿಗೆ ಒಂದು ಬಿಟ್ಟೆ. ಮೂರು ವರ್ಷದ ಕುದುರೆ, ಮೂವತ್ತು ವರ್ಷದ ಸೊಕ್ಕು. ಈ ತಿಂಗಳ 30ಕ್ಕೆ ಜಿಗಿತದ ಸ್ಪರ್ಧೆ. ಮರಳು ಹಾಕಿದ ಮೈದಾನ ರಿಪೇರಿಯಲ್ಲಿದೆ, ಹಿಂದಿನ ಗಟ್ಟಿ ನೆಲದ ಅಂಗಳದಲ್ಲೇ ಹಗ್ಗ ಹಿಡಿದು ಸುತ್ತು ಓಡಿಸುತ್ತಿದ್ದೇನೆ. ಬೆಳಿಗ್ಗೆ ನಲವತ್ತು ನಿಮಿಷ, ಸಂಜೆ ನಲವತ್ತು.

ಮಾರ್ಚ್ 4

ಲಾಳ ಹೊಡೆಯಲು ಭಾವ ಬಂದಿದ್ದರು. ಅಕ್ಕನ ಗಂಡ ಅಂತ ಸಹಿಸಿಕೊಳ್ಳುತ್ತೇನೆ. ಬಾಯಿ ಬಿಟ್ಟರೆ ತಮಾಷೆ.

“ಏನಮ್ಮಾ ಮೇಡಮ್ಮು, ನಿನ್ ರಾಣಿ ಕಾಲಿಗೆ ಬುಗುಡಿ ಹಾಕ್ಸಿದೀಯಾ?”

ನಗು ಬರಲಿಲ್ಲ. ಕೆಂಚಿ ಕಾಲು ಕಿತ್ತುಕೊಂಡಳು. ಭಾವ ಅಂಗಾತ ಬಿದ್ದರು. ಎದ್ದವರೇ ಕೈಯಲ್ಲಿದ್ದ, ಗೊರಸು ಉಜ್ಜುವ ಅರದಿಂದ ಅವಳ ಹೊಟ್ಟೆಗೆ ಬಾರಿಸಿದರು. ಟಪ್ ಅಂತ ಸದ್ದು.

“ಇನ್ನೊಂದ್ಸಲ ಕೈ ಎತ್ತಿದ್ರೆ ಆ ಕೈ ಇರಲ್ಲ ಭಾವ.”

“ಅಬ್ಬಾ! ನೀನು ಹೊಡೆದ್ರೆ ಟ್ರೈನಿಂಗು, ನಾನು ಹೊಡೆದ್ರೆ ಪಾಪ.”

ಮಾರ್ಚ್ 8

ಗಂಟು ದೊಡ್ಡದಾಗಿದೆ. ಬಿಸಿ. ಸುತ್ತು ತಿರುಗುವಾಗ ತಲೆ ಎತ್ತಿ ಹಾಕುತ್ತಾಳೆ, ಎಡಗಾಲಿಗೆ ಭಾರ ಕೊಡುವುದಿಲ್ಲ. ನಿಲ್ಲಿಸಲಿಲ್ಲ. ಇವತ್ತು ಬಿಟ್ಟರೆ ನಾಳೆ ಕುಂಟುವ ನಾಟಕ ಕಲಿಯುತ್ತಾಳೆ. ನಿಂತಾಗಲೆಲ್ಲ ಚಾವಟಿ. ತೊಡೆಯ ಮೇಲೆ ಬಾಸುಂಡೆ ಎದ್ದಿತು. ಓಡಿದಳು.

ಆಮೇಲೆ ಆ ಕಾಲನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಏಟಿಲ್ಲದೆ ಮೂಳೆ ಊದುತ್ತದೆಯೇ? ಯಾರೋ ಹೊಡೆದಿದ್ದಾರೆ. ಈ ಕಾಲು ಮುಟ್ಟುವವರು ಇಬ್ಬರೇ. ನಾನು, ಭಾವ. ಗಂಟು ಬರುವ ಮೊದಲೂ ಬಂದಿದ್ದ — ಫೆಬ್ರವರಿ ಕೊನೆಯಲ್ಲಿ, ನಾನು ಇಲ್ಲದಾಗ. ಕೈಯಲ್ಲಿ ಸುತ್ತಿಗೆ ಇರುತ್ತದೆ...

ಇದೇ ತಲೆಯಲ್ಲಿ ಕೊರೆಯುತ್ತಿದೆ.

ಮಾರ್ಚ್ 10. ಮಧ್ಯಾಹ್ನ

ಮಾಡಿಬಿಟ್ಟೆ.

ಸಡಿಲವಾದ ಲಾಳ ಬಿಗಿಮಾಡಲು ಬಂದಿದ್ದ. ಕೇಳಿದೆ. “ಸುತ್ತಿಗೇಲಿ ಹೊಡೆದೆಯಾ ಇಲ್ವಾ? ಬೊಗಳು.” ಮೊದಲ ಸಲ ಅವನಿಗೆ ಏಕವಚನ. ಅವನು ನಕ್ಕ. “ಹೂಂ ಕಣೆ, ಹೊಡೆದೆ. ಏನ್ಮಾಡ್ತೀಯ?” ಅದು ತಮಾಷೆ ಅಂತ ಈಗ ಗೊತ್ತಾಗುತ್ತಿದೆ. ಆಗ ಗೊತ್ತಾಗಲಿಲ್ಲ.

ಬಾಗಿಲಿನ ಕಬ್ಬಿಣದ ಅಗುಳಿ ಕೈಗೆ ಬಂತು. ಅವನ ಬಲಗೈ ಲಾಯದ ಕಟಕಟೆಯ ಮೇಲಿತ್ತು. ಒಂದು. ಕೈ ಎಳೆದುಕೊಳ್ಳುವ ಮೊದಲೇ ಇನ್ನೊಂದು. ಒಣಸೌದೆ ಮುರಿದಂತಾಯಿತು. ಕೆಂಚಿ ಮುಂಗಾಲೆತ್ತಿ ನಿಂತು ಗೋಡೆ ಒದ್ದಳು. ಅವನು ಕೂಗಲಿಲ್ಲ, ಕೈಯನ್ನೇ ನೋಡುತ್ತಾ ಹುಲ್ಲಿನ ಮೇಲೆ ಕೂತ. ಬೆರಳುಗಳು ಅವನವೇ ಅಲ್ಲವೇನೋ ಎಂಬಂತೆ ಸೊಟ್ಟಗೆ ತಿರುಗಿದ್ದವು.

ನನ್ನ ತೋಳಿನಲ್ಲಿ ಇನ್ನೂ ಬಲ ಉಳಿದಿತ್ತು. ಅದೇ ಭಯ.

ಮಾರ್ಚ್ 14

ಆಸ್ಪತ್ರೆಗೆ ಹೋದೆ. ನಾಲ್ಕು ಮೂಳೆ. ಎರಡು ರಾಡು ಹಾಕಿದ್ದಾರೆ. ಮತ್ತೆ ಸುತ್ತಿಗೆ ಹಿಡಿಯುವುದು ಅನುಮಾನವಂತೆ.

ಅಕ್ಕ ವಾರ್ಡಿನ ಬಾಗಿಲಲ್ಲೇ ಕೆನ್ನೆಗೆ ಬಾರಿಸಿದಳು. ಎರಡೂ ಕಡೆ. ತುಟಿ ಒಡೆಯಿತು.

“ನಿನ್ನ ಎತ್ತಿ ಆಡಿಸಿದ ನನ್ನ ಕೈಗೆ ಬೆಂಕಿ ಬೀಳ. ನಿನ್ ಭಾವ ಕುದುರೆ ಒದೀತು ಅಂತ ಬರೆಸಿದಾರೆ, ಗೊತ್ತಾ? ನೀನು ಜೈಲಿಗೆ ಹೋದ್ರೆ ನಾನು ಸಾಯ್ತೀನಿ ಅನ್ನೋ ಭಯಕ್ಕೆ ಸುಳ್ಳು ಹೇಳಿದಾರೆ. ಹೋಗು. ಮುಖ ತೋರಿಸ್ಬೇಡ.”

ಮಾರ್ಚ್ 15

ಕುದುರೆಯ ಯಜಮಾನರು ಲಾಯಕ್ಕೆ ಬಂದರು. “ಕೈ ಮುರಿಯೋ ಥರ ಒದೆಯೋ ಕುದುರೆ, ಅದೂ ಕುಂಟಿ. ಯಾರಿಗೆ ಮಾರಲಿ? ಗುರುವಾರ ಡಾಕ್ಟರು ಬಂದು ಇಂಜೆಕ್ಷನ್ ಕೊಡ್ತಾರೆ. ಮುಗೀತು.”

ಒದ್ದಿದ್ದು ಅವಳಲ್ಲ ಅಂತ ಹೇಳಲಿಲ್ಲ. ಹೇಡಿ.

ಮಾರ್ಚ್ 17

ಎಕ್ಸ್‌ರೇ ತೆಗೆಯದೆ ಸೂಜಿ ಹಿಡಿಯುವುದಿಲ್ಲ ಅಂದರಂತೆ ಡಾಕ್ಟರಮ್ಮ. ಬಂದರು. ಎರಡೂ ಮುಂಗಾಲಿನ ಚಿತ್ರ ತೆಗೆದರು. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು.

“ಇದು ಎಡಗಾಲು. ಈಗ ಬಲಗಾಲು ನೋಡಿ. ಅದೇ ಜಾಗ, ಒಳಗಡೆ. ಇಲ್ಲೂ ಶುರುವಾಗಿದೆ.”

“ಯಾರಾದ್ರೂ ಸುತ್ತಿಗೇಲಿ...”

“ಎರಡೂ ಕಾಲಿಗೆ ಅಳತೆ ಹಿಡಿದು ಯಾರ್ರೀ ಹೊಡೀತಾರೆ? ಎಳೆ ಮೂಳೆ ಇದು. ಗಟ್ಟಿ ನೆಲದಲ್ಲಿ ಮಿತಿಮೀರಿ ಓಡಿಸಿದ್ರೆ ಹೀಗಾಗುತ್ತೆ. ಓಡಿಸೋರು ಯಾರು?”

ಅವರು ಕೆಂಚಿಯ ತೊಡೆಯ ಬಾಸುಂಡೆಯನ್ನು ನೋಡಿದರು, ನನ್ನನ್ನು ನೋಡಿದರು, ಲ್ಯಾಪ್‌ಟಾಪ್ ಮುಚ್ಚಿದರು. ಆರು ವಾರ ವಿಶ್ರಾಂತಿ ಕೊಟ್ಟರೆ ಕುಂಟು ಹೋಗುತ್ತದಂತೆ, ಗಂಟು ಉಳಿದರೂ. “ಆದರೆ ಒದೆಯೋದಕ್ಕೆ ನನ್ನ ಹತ್ರ ಮದ್ದಿಲ್ಲ. ಗುರುವಾರ ಬರ್ಲೇಬೇಕು.”

ಅವರು ಹೋದ ಮೇಲೆ ಸುತ್ತು ಓಡಿಸುವ ಹಗ್ಗವನ್ನು ಮೊಳೆಗೆ ನೇತುಹಾಕಿದೆ.

ಮಾರ್ಚ್ 19

ಅಕ್ಕನ ಮನೆ. ಅವಳು ಒಳಗೆ ಬಿಡಲಿಲ್ಲ, ಭಾವನೇ ಹೊರಗೆ ಬಂದರು. ಪ್ಲಾಸ್ಟರು ಮೊಣಕೈ ತನಕ.

ಎಲ್ಲಾ ಹೇಳಿದೆ. ಕೇಳಿಸಿಕೊಂಡರು.

“ಹೊಟ್ಟೆಗೆ ಹೊಡೆದಿದ್ದು ಹೌದು. ಕಾಲಿಗೆ ಹೊಡೆಯೋನು ಲಾಳಗಾರ ಅಲ್ಲಮ್ಮ. ಅಷ್ಟೂ ತಿಳೀಲಿಲ್ವಾ ನಿಂಗೆ?”

“ನಾಳೆ ಯಜಮಾನರಿಗೆ ನಿಜ ಹೇಳ್ತೀನಿ.”

“ಹೇಳ್ಕೋ. ನನ್ನ ಕೇಳಿದ್ರೆ ಕುದುರೆ ಅಂತಲೇ ಹೇಳ್ತೀನಿ. ನಿನಗೋಸ್ಕರ ಅಲ್ಲ. ಒಳಗಿದಾಳಲ್ಲ, ಅವಳಿಗೋಸ್ಕರ.”

ಮಾರ್ಚ್ 20, ಗುರುವಾರ. 11.10

ಜೀನು ಇಡುವ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬಾಗಿಲಾಚೆ ಯಜಮಾನರ ಡ್ರೈವರ್ ಕಾವಲಿದ್ದಾನೆ.

ಬೆಳಿಗ್ಗೆ ಹೇಳಿದೆ. ಯಜಮಾನರು ನಂಬಲಿಲ್ಲ. “ಕುದುರೆ ಉಳಿಸೋಕೆ ಕಥೆ ಕಟ್ತೀಯಾ?” ಕೆಂಚಿಯ ಹಗ್ಗಕ್ಕೆ ಕೈ ಹಾಕಿದರು, ನಾನೂ ಹಾಕಿದೆ. ಎಳೆದಾಟ. ತಳ್ಳಿದರು. ಕಲ್ಲಿಗೆ ತಲೆ ಬಡಿದು ಕಣ್ಣಿಗೆ ರಕ್ತ ಇಳಿಯಿತು. ಎದ್ದು ಅವರ ಕಾಲರ್ ಹಿಡಿದೆ. ಗುದ್ದಲು ಮುಷ್ಟಿ ಎತ್ತಿಯೂ ಆಗಿತ್ತು. ಡಾಕ್ಟರಮ್ಮ ಸಿರಿಂಜು ಹಿಡಿದು ನಿಂತೇ ಇದ್ದರು.

ಹಿಂದಿನಿಂದ ಭಾವನ ದನಿ. “ಬಿಡೇ ಅವರನ್ನ.”

ಬಿಟ್ಟೆ. ಜೊತೆಗೆ ಅಕ್ಕ. ಅವಳೇ ಕರೆತಂದಿದ್ದಾಳೆ ಅಂತ ಮುಖ ನೋಡಿದರೆ ತಿಳಿಯುತ್ತಿತ್ತು.

“ಸಾರ್, ಕುದುರೆ ಒದ್ದಿಲ್ಲ. ಇವಳೇ ಹೊಡೆದಿದ್ದು, ಅಗುಳೀಲಿ. ಇಪ್ಪತ್ತು ವರ್ಷ ಕುದುರೆ ಕಾಲು ಹಿಡಿದೇ ಅನ್ನ ತಿಂದೋನು ನಾನು. ನನ್ನ ಸುಳ್ಳಿಗೆ ಒಂದು ಕುದುರೆ ಸಾಯೋದು ಬೇಡ.”

ಅಕ್ಕ ನನ್ನನ್ನು ನೋಡಲಿಲ್ಲ. ಸೆರಗಿನಿಂದ ನನ್ನ ಹಣೆಯ ರಕ್ತ ಒತ್ತಿದಳು, ಆಗಲೂ ನೋಡಲಿಲ್ಲ.

ಡಾಕ್ಟರಮ್ಮ ಸಿರಿಂಜಿನ ಮದ್ದನ್ನು ನೆಲಕ್ಕೆ ಚಿಮ್ಮಿಸಿದರು. ಯಜಮಾನರು ಪೊಲೀಸರಿಗೆ ಫೋನ್ ಮಾಡಿದರು.

ಕೆಂಚಿಗೆ ಇನ್ನು ಬೇರೆಯವರು ಬರುತ್ತಾರೆ. ಅವರಿಗೆಂದು ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿದೆ. ಆರು ವಾರ ಓಡಿಸಕೂಡದು. ಎಡಗಾಲಿಗೆ ತಣ್ಣೀರಿನ ಪಟ್ಟಿ, ದಿನಕ್ಕೆ ಮೂರು ಸಲ. ಕಚ್ಚಲು ಬಂದರೆ ಹೊಡೆಯಬೇಡಿ, ನೋವಿಗೆ ಕಚ್ಚುತ್ತಾಳೆ.

ಜೀಪಿನ ಸದ್ದು. ಗೇಟು ತೆಗೆಯುತ್ತಿದ್ದಾರೆ.

ಬಲಗಾಲು... ಬಲಗಾಲಿಗೂ ಪಟ್ಟಿ ಕಟ್ಟಬೇಕು, ಅದನ್ನು ಹಾಳೆಯಲ್ಲಿ ಬರೆಯಲು ಮರೆ