ಚಕ್ರದ ಬೀಗ ಮುಟ್ಬೇಡ

ಅಣ್ಣಾ,

ಕಬ್ಬಿಣ ಕೊಯ್ಯೋ ಕಟಿಂಗ್ ಮಷಿನ್ ಹುಡುಕ್ಬೇಡ, ಅದರ ಬ್ಲೇಡ್ ನನ್ನ ಬ್ಯಾಗಲ್ಲಿದೆ. ನೀನು ಇಸ್ಕೊಂಡು ಬಂದಿದ್ದ ಸುತ್ತಿಗೇನೂ ಪಕ್ಕದ್ಮನೆಗೆ ವಾಪಸ್ ಕೊಟ್ಟೆ.

ಕಾರಿನ ಚಕ್ರಕ್ಕೆ ಟ್ರಾಫಿಕ್ ಪೊಲೀಸರು ಬೀಗ ಹಾಕಿದ್ದು ಅನ್ಯಾಯ ಅಂತ ನಿನ್ನೆ ಸಂಜೆಯಿಂದ ಕೂಗಾಡ್ತಿದ್ದೀಯಲ್ಲ, ನಮ್ಮ ಬೀದಿ ಕ್ಲಿನಿಕ್ ಬಾಗಿಲಿಗೆ ಅಡ್ಡ ಗಾಡಿ ನಿಲ್ಲಿಸೋರಿಗೆ ಬೀಗ ಜಡೀಬೇಕು ಅಂತ ನಾನು ಮನೆಮನೆ ಸುತ್ತಿ ಅರ್ಜಿಗೆ ಸಹಿ ಹಾಕಿಸ್ದಾಗ ಮೊದಲನೇ ಸಹಿ ಯಾರದಪ್ಪ? ನಿಂದೇ! ಅದೂ ದಪ್ಪ ಅಕ್ಷರದಲ್ಲಿ, ಕೆಳಗೆ ಎರಡು ಗೆರೆ ಬೇರೆ. ಬೀಗದವರು ಬಂದ ಮೊದಲನೇ ದಿನವೇ ಸಿಕ್ಕಿಬಿದ್ದೋನೂ ನೀನೇ. "ಎರಡೇ ನಿಮಿಷ ನಿಲ್ಲಿಸಿದ್ದೆ" ಅಂತ ಎಲ್ಲರೂ ಹೇಳ್ತಾರೆ ಕಣೋ.

ಕ್ಷೌರದಂಗಡಿ ಮಾವನ ಮಾತು ಕೇಳ್ಬೇಡ. ಎರಡನೇ ಸಹಿ ಅವರದು, ನಿನ್ನೆ "ಒಡೆದು ಬಿಸಾಕಪ್ಪಾ" ಅಂದೋರೂ ಅವರೇ.

ಬೀಗ ತೆಗೆಯೋರು ಹತ್ತು ಗಂಟೆಗೆ ಬರ್ತಾರೆ, ನಾನೇ ಫೋನ್ ಮಾಡಿದ್ದೀನಿ. ಜಗಳ ಆಡ್ಬೇಡ. ತಪ್ಪಾಯ್ತು ಅನ್ನು, ನಾಲಿಗೆ ಏನೂ ಸವೆಯಲ್ಲ. ಹನ್ನೊಂದಕ್ಕೆ ನೀನು ಆಸ್ಪತ್ರೆ ಹತ್ರ ಇರ್ಲೇಬೇಕು. ನಿನ್ನ ಮಗಳು ಮೊದಲನೇ ಸಲ ಮನೆಗೆ ಬರ್ತಿದ್ದಾಳೆ, ಅಪ್ಪನ ಕಾರಲ್ಲೇ ಬರ್ಲಿ. ಗಡ್ಡ ಬೋಳಿಸ್ಕೋ. ಪಾಪು ಹೊದಿಕೆ ಮಂಚದ ಮೇಲಿದೆ, ಮರೀಬೇಡ.

ನಾನು ಬಸ್ಸಲ್ಲಿ ಮುಂಚೆ ಹೋಗಿ ಅತ್ತಿಗೆ ಜೊತೆ ಇರ್ತೀನಿ. ಹೆದರ್ಬೇಡ, ಬೀಗದ ವಿಷಯ ಬಾಯಿ ಬಿಡಲ್ಲ. ಹೊಲಿಗೆ ಬಿಚ್ಚೋ ತನಕ ಅವರನ್ನ ಜೋರಾಗಿ ನಗಿಸ್ಬಾರ್ದು ಅಂತ ನರ್ಸಮ್ಮ ಹೇಳಿದ್ದಾರೆ.

ತಂಗಿ